ಸಾರಿ ಸಾಹೇಬರು ಮತ್ತು ಮಧ್ಯಾಹ್ನದ ನಿದ್ದೆ

"ಎಷ್ಟು ಸಾರಿ ಸಾರಿ ಅಂತೀರ್ರೀ? ನಿಮ್ಮ ಸಾರಿ ತಗೊಂಡು ತೊಟ್ಟಿಲು ತೂಗೋಕಾಗುತ್ತಾ?"

ತಗಡಿನ ಬೇಲಿಯ ಸಂದಿಯಲ್ಲಿ ಮುಖ ತೂರಿಸಿ ನಾನು ಕಿರುಚುತ್ತಿದ್ದೆ. ಬೇಲಿಯ ಆಚೆ ಮೆಟ್ರೋ ಕಂಬಕ್ಕೆಂದು ನೆಲ ಕೊರೆಯುವ ಯಂತ್ರ. ಈಚೆ ನನ್ನ ಶಿಶುವಿಹಾರ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸುಗಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ನಾನು, ನನ್ನ ತಂಗಿ ಸೇರಿ ನಡೆಸುತ್ತೇವೆ.

"ಸಾರಿ ಅಕ್ಕ," ಅಂದರು ಇಂಜಿನಿಯರು, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತ.

"ನೋಡಿ, ಮತ್ತೆ!"

ರಸ್ತೆಯವರಿಗೆ ಕಾಮಗಾರಿಯಿಂದ ತೊಂದರೆಯಾಗದಂತೆ ನೋಡಿಕೊಳ್ಳುವುದೇ ಅವರ ಉದ್ಯೋಗ. ತೊಂದರೆ ಹೇಗೂ ಆಗುತ್ತಿತ್ತು. ಹಾಗಾಗಿ ದಿನವಿಡೀ ಬಾಗಿಲು ಬಾಗಿಲಿಗೆ ಹೋಗಿ ಸಾರಿ ಹೇಳುವುದು ಅವರ ಪಾಡು. ನಾವೆಲ್ಲ ಸೇರಿ ಸಾರಿ ಸಾಹೇಬರು ಅಂತ ಹೆಸರಿಟ್ಟಿದ್ದೆವು. ಪಾಪ, ಧೂಳೇಳದ ಹಾಗೆ ನೀರು ಹೊಡೆಸುತ್ತಿದ್ದರು. ಮಕ್ಕಳನ್ನು ಎತ್ತಿಕೊಂಡು ಬರುವವರಿಗೆ ಬೇಲಿ ಸರಿಸಿ ದಾರಿ ಬಿಡಿಸಿದ್ದರು. ಚಪ್ಪಲಿ ಅಂಗಡಿಯ ಬೋರ್ಡು ಮರೆಯಾಯಿತೆಂದು ತಾವೇ ಏಣಿ ಹತ್ತಿ ಅದನ್ನು ಬೇಲಿಯ ಮೇಲೆ ಕಟ್ಟಿಕೊಟ್ಟಿದ್ದರು. ಆದರೆ ಸದ್ದಿಗೆ ಏನು ಮಾಡುತ್ತಾರೆ?

ಮಧ್ಯಾಹ್ನ ಮಕ್ಕಳು ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆಗೆಟ್ಟ ಕೂಸು ಸಂಜೆ ತಾಯಿಯ ಹೆಗಲೇರಿ ರಂಪ ಮಾಡುತ್ತದೆ. ಕೆಲವು ತಾಯಂದಿರು ಆಗಲೇ ಹಿಂದಿನ ಬೀದಿಯ ಶಿಶುವಿಹಾರ ನೋಡಿಕೊಂಡು ಬಂದಿದ್ದರು. "ಈ ವಾರ ನೋಡ್ತೀವಿ ಅಕ್ಕ," ಅಂದಿದ್ದರು. ಮಕ್ಕಳು ಹೋದರೆ ನನ್ನ ಬಾಗಿಲು ಮುಚ್ಚಿದ ಹಾಗೆಯೇ.

"ಮಲಗೋ ಹೊತ್ತಿಗೆ ಮಿಷನ್ ನಿಲ್ಸಿ. ಅಷ್ಟೇ."

"ಹಾಗಿದ್ರೆ ಕೆಲಸದವ್ರ ಊಟದ ಹೊತ್ತು ಬದಲಾಯಿಸ್ಬೇಕು ಅಕ್ಕ. ಹಸ್ಕೊಂಡು ನಿಮ್ಮನ್ನ ಬೈತಾರೆ."

"ಬೈಲಿ ಬಿಡಿ. ನನಗೇನು ಬೈಗುಳ ಹೊಸದಾ?"

ಮರುದಿನ ನಾವು ಚಾಪೆ ಹಾಸುತ್ತಿದ್ದಂತೆ ಯಂತ್ರ ನಿಂತಿತು. ರಸ್ತೆಯೆಲ್ಲ ಗಪ್‌ಚುಪ್. ಗೆದ್ದೆ ಅಂದುಕೊಂಡೆ.

ಎಲ್ಲಿಯ ಗೆಲುವು! ಬೇಲಿಯಾಚೆ ಯಾರೋ ತಟ್ಟೆ ಇಟ್ಟರು, ಒಂದು ತಲೆ ಎದ್ದಿತು. ಯಾರೋ ಕೆಮ್ಮಿದರು, ಇನ್ನೊಂದು ಎದ್ದಿತು. ಒಂದು ಅತ್ತಿತು, ಅದಕ್ಕೆ ಜೊತೆಯಾಗಿ ಪಕ್ಕದ್ದೂ ಅತ್ತಿತು. ನನಗೆ ಪಿತ್ತ ನೆತ್ತಿಗೇರಿತು. ಬೇಲಿಗೆ ಓಡಿ, "ತಟ್ಟೆ ಮೆಲ್ಲಗಿಡ್ರಪ್ಪಾ! ಇಲ್ಲಿ ಮಕ್ಕಳು ಮಲಗಿವೆ!" ಅಂತ ಕೂಗಿದೆ. ಆ ಕೂಗಿಗೆ, ಮಲಗಿದ್ದ ಕೊನೆಯ ಕೂಸೂ ಎದ್ದು ಕೂತಿತು.

ತಂಗಿ ಬಾಗಿಲಿಗೆ ಒರಗಿಕೊಂಡು ನಗುತ್ತಿದ್ದಳು.

"ಅಕ್ಕಾ, ಕೋಪ ಮಾಡ್ಕೋಬೇಡ, ಒಂದ್ಮಾತು. ಮಿಷನ್ ಒಂದೇ ಸಮ ಗುರ್ ಅಂತಿದ್ರೆ ಇವು ಮಲಗೇ ಇರ್ತವೆ. ಅದು ನಿಂತು ನಿಂತು ಶುರುವಾದ್ರೆ ಏಳ್ತವೆ. ಇಲ್ಲಾ, ನೀನು ಬೇಲಿ ಹತ್ರ ಹೋದ್ರೆ ಏಳ್ತವೆ."

"ಇದನ್ನ ಮೊದಲೇ ಬೊಗಳೋಕೇನಾಗಿತ್ತೇ?"

"ನೀನು ಬಾಯಿ ಮುಚ್ಚಿದ್ರೆ ತಾನೇ ನಾನು ತೆರೆಯೋದು?"

ಬೇಲಿಯ ದಾರಿಯಲ್ಲಿ ನಿಂತಿದ್ದ ಸಾರಿ ಸಾಹೇಬರಿಗೆ ಎಲ್ಲ ಕೇಳಿಸಿತ್ತು. ಮೀಸೆ ಅದುರುತ್ತಿತ್ತು.

"ನಗ್ರಿ, ನಗ್ರಿ," ಅಂದೆ.

"ನಾನು ನಗ್ತಿಲ್ಲ ಅಕ್ಕ," ಅಂದವರು ಮುಖ ಆಚೆ ತಿರುಗಿಸಿ ನಕ್ಕೇಬಿಟ್ಟರು.

ಆಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು ಯೋಚಿಸಿದರು. ಕಬ್ಬಿಣದ ಸರಳು ಇಳಿಸುವುದು, ಕುಟ್ಟುವುದು, ನಿಂತು ನಿಂತು ಮಾಡುವ ಕೆಲಸವೆಲ್ಲ ಬೆಳಿಗ್ಗೆಗೆ ಹೋಯಿತು. ಆಗ ಮಕ್ಕಳು ಬೇಲಿಯ ಸಂದಿಗೆ ಮೂಗು ಒತ್ತಿ ತಮಾಷೆ ನೋಡುತ್ತಿದ್ದವು. ಮಲಗುವ ಹೊತ್ತಿಗೆ ಎಡೆಬಿಡದೆ ಕೊರೆಯುವ ಕೆಲಸ. ಕೆಲಸದವರ ಊಟ ಮತ್ತೆ ಹೊತ್ತಿಗೆ ಸರಿಯಾಗಿ ನಡೆಯಿತು. ನಾನೇ ಬೇಲಿಗೆ ಹೋಗಿ, "ಹಾಕ್ರಪ್ಪಾ ಮಿಷನ್ನು!" ಅನ್ನುವುದನ್ನು ಕೇಳಿ ಚಪ್ಪಲಿ ಅಂಗಡಿಯವನು ಬಿದ್ದು ಬಿದ್ದು ನಕ್ಕ. ನಗಲಿ. ಮಕ್ಕಳು ಕೈಕಾಲು ಚೆಲ್ಲಿ ಮಲಗಿದವು. ಹಿಂದಿನ ಬೀದಿಯ ಮಾತನ್ನು ತಾಯಂದಿರು ಮತ್ತೆ ಎತ್ತಲಿಲ್ಲ.

ಸಾಹೇಬರು ದಿನಾ ತುದಿಗಾಲಲ್ಲಿ ಬಂದು ಇಣುಕುತ್ತಿದ್ದರು. ನಾನು ಕಾಫಿ ಕೊಡುತ್ತಿದ್ದೆ.

"ಲೋಟ ಕೆಳಗಿಟ್ಟೀರಾ ಮತ್ತೆ! ಕೈಯಲ್ಲೇ ಹಿಡ್ಕೊಳ್ಳಿ."

"ಸುಡ್ತಿದೆ ಅಕ್ಕ."

"ಸುಡ್ಲಿ."

ಕಂಬದ ಗುಂಡಿಗಳನ್ನು ಕೊರೆಯುವ ಕೆಲಸ ಮುಗಿಯಿತು. ಯಂತ್ರ ಲಾರಿ ಹತ್ತಿ ಮುಂದಿನ ನಿಲ್ದಾಣದ ಕಡೆಗೆ ಹೋಯಿತು. ಅದರ ಹಿಂದೆ ತಾವೂ ಹೋಗಬೇಕೆಂದು ಹೇಳಲು ಸಾಹೇಬರು ಮಧ್ಯಾಹ್ನ ಬಂದರು. ಚಾಪೆಯ ಮೇಲೆ ಮಕ್ಕಳೆಲ್ಲ ಪಿಳಿಪಿಳಿ ಕಣ್ಣು ಬಿಡುತ್ತಿದ್ದವು.

"ಈಗೇನ್ರೀ ಮಾಡೋದು? ಚಟ ಹತ್ಸಿದ್ದು ನೀವು," ಅಂದೆ. ದನಿ ತಗ್ಗಿಸಿಯೇ ಅಂದೆ.

ಅವರು ಬೂಟು ಕಳಚಿ ಬಂದು ಚಾಪೆಗಳ ನಡುವೆ ಕೂತರು. ಎಲ್ಲಕ್ಕಿಂತ ಚಿಕ್ಕ ಕೂಸಿನ ಬೆನ್ನ ಮೇಲೆ ಕೈಯಿಟ್ಟು ಗಂಟಲಲ್ಲೇ ಶುರು ಮಾಡಿದರು: "ಗುರ್‌ರ್‌ರ್..."

ತಂಗಿ ನಗು ತಡೆಯಲು ಬಾಯಿ ಮುಚ್ಚಿಕೊಂಡಳು. ಆದರೆ ಅವರು ಉಸಿರೆಳೆದುಕೊಳ್ಳಲು ನಿಂತಾಗ ಅವಳೇ ಆ ಗುರ್ ಮುಂದುವರಿಸಿದಳು. ಅವಳು ನಿಂತಾಗ ನಾನು. ಒಂದೊಂದೇ ರೆಪ್ಪೆ ಇಳಿಯಿತು.

ಸಾಹೇಬರು ಸದ್ದಾಗದಂತೆ ಎದ್ದು, ಬೂಟು ಕೈಯಲ್ಲಿ ಹಿಡಿದುಕೊಂಡು ಹೊರಟರು. ಆ ಹೊತ್ತಿಗೆ ಸರದಿ ನನ್ನದು. ಒಂದು ಗಳಿಗೆ ನಿಲ್ಲಿ, ಊಟ ಮಾಡಿಕೊಂಡು ಹೋಗಿ ಅನ್ನಬೇಕೆಂದಿದ್ದೆ. ಗುರ್ ನಿಲ್ಲಿಸಿದರೆ ಮಕ್ಕಳು ಏಳುತ್ತವೆ. ಅವರನ್ನೇ ನೋಡುತ್ತ ಮುಂದುವರಿಸಿದೆ. ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡರು, ಒಮ್ಮೆ ಕೈ ಎತ್ತಿದರು, ಬೇಲಿಯ ದಾರಿಯಲ್ಲಿ ದಾಟಿಹೋದರು. ಮತ್ತೆ ನಮ್ಮ ರಸ್ತೆಗೆ ಬರಲಿಲ್ಲ.