ಮೊಳೆಗೆ ಅಂಜಿದ ವೆಂಕಟಸ್ವಾಮಿಯವರು

ವೆಂಕಟಸ್ವಾಮಿಯವರು ಯಾವುದನ್ನೂ ಹಿಂದಿನಿಂದ ಹೋಗಿ ಮುಟ್ಟುವವರಲ್ಲ. ಹಸುವಾಗಲಿ, ಸ್ಕೂಟರಾಗಲಿ, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತ ಹೆಂಡತಿಯೇ ಆಗಲಿ, ಮೊದಲು ಒಂದು ಪಕ್ಕಕ್ಕೆ ಸರಿದು, ತಾವು ಬಂದಿರುವುದು ಎದುರಿನವರ ಕಣ್ಣಿಗೆ ಬೀಳುವಂತೆ ಒಂದು ಗಳಿಗೆ ನಿಂತು, ಆಮೇಲೆ ಅಂಗೈಯನ್ನು ಮೆಲ್ಲಗೆ ಮುಂದಕ್ಕೆ ಚಾಚುವುದು ಅವರ ಪದ್ಧತಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಟೆಂಡರಾಗಿ, ಸೂಜಿಗೆ ಹೆದರಿ ಹಗ್ಗ ಜಗ್ಗುವ ದನಗಳ ಕೊರಳು ತಬ್ಬಿಕೊಂಡೇ ಅವರು ಜೀವಮಾನ ಸವೆಸಿದ್ದರು. ನಿವೃತ್ತಿಯಾದ ಮೇಲೂ ಆ ಕೈಗೆ ಅಭ್ಯಾಸ ಬಿಡಲಿಲ್ಲ. ಗಡಗಡಿಸುವ ಫ್ರಿಜ್ಜಿನ ಪಕ್ಕೆ ತಟ್ಟಿ, ಸ್ಟಾರ್ಟ್ ಆಗದ ಸ್ಕೂಟರಿನ ಸೀಟು ಸವರಿ, "ಹೋ... ಹೋ... ಏನಿಲ್ಲ, ಏನಿಲ್ಲ" ಎನ್ನುವರು. ನಮ್ಮ ಬೀದಿಯ ಮಕ್ಕಳೆಲ್ಲ ಅವರ ಈ ರಾಗವನ್ನು ಅಣಕಿಸುತ್ತಲೇ ಬೆಳೆದವು.

ಇಷ್ಟೆಲ್ಲ ಸಮಾಧಾನ ಹಂಚುವ ಮನುಷ್ಯನಿಗೆ ಸ್ವಂತಕ್ಕೆಂದು ಒಂದು ಚಿಟಿಕೆಯಷ್ಟೂ ಉಳಿದಿರಲಿಲ್ಲ. ಜಡ ವಸ್ತುಗಳಿಗೆ "ಏನಿಲ್ಲ" ಎನ್ನುವ ಅದೇ ಬಾಯಿ ಮನುಷ್ಯರೊಡನೆ ಮಾತಿಗಿಳಿದರೆ "ಒಂದ್ ವೇಳೆ" ಎಂದೇ ಶುರುವಾಗುವುದು. ಒಂದ್ ವೇಳೆ ಕರೆಂಟು ಹೋದರೆ, ಒಂದ್ ವೇಳೆ ಬೀಗದ ಕೈ ಬಿದ್ದುಹೋದರೆ, ಒಂದ್ ವೇಳೆ ಈ ಆಟೊ ಹೆಬ್ಬಾಳ ಫ್ಲೈಓವರಿನ ನೆತ್ತಿಯ ಮೇಲೆ ನಿಂತುಬಿಟ್ಟರೆ. ಮೇ ತಿಂಗಳ ಕೆಂಡದಂಥ ಬಿಸಿಲಲ್ಲೂ ಅವರು ನೌಕರಿಯ ಕಾಲದ ಖಾಕಿ ಕೋಟನ್ನು ಕಳಚದಿದ್ದುದು ಈ ಒಂದ್ ವೇಳೆಗಳ ಸಲುವಾಗಿಯೇ. ಅದರ ಜೇಬುಗಳಲ್ಲಿ ದಾರದುಂಡೆ, ಟಾರ್ಚು, ಒಂದು ಬಾಡಿದ ನಿಂಬೆಹಣ್ಣು, ಮಡಿಸಿದ ಪ್ಲಾಸ್ಟಿಕ್ ಹಾಳೆ, ತಲೆನೋವಿನ ಮುಲಾಮು, ಹೀಗೆ ಬರಲಿರುವ ಸಕಲ ಅನಾಹುತಗಳಿಗೂ ಒಂದೊಂದು ಪರಿಹಾರ ಸಿದ್ಧವಾಗಿತ್ತು. ಬೆವರಿ ಬೆವರಿ ಕೋಟಿನ ಕೊರಳಪಟ್ಟಿಯ ಮೇಲೆ ಉಪ್ಪಿನ ಗೆರೆ ಮೂಡಿದ್ದರೂ ಅವರು ಅದನ್ನು ಗೂಟಕ್ಕೆ ಹಾಕಿದವರಲ್ಲ.

ಇಂಥವರಿಗೆ, ಇಂಥ ಬೇಸಿಗೆಯಲ್ಲಿ, ಮನೆ ಬದಲಿಸುವ ಪ್ರಸಂಗ ಬಂತು. ಹೆಬ್ಬಾಳದ ಹಳೆಯ ಊರೊಳಗಿನ ಆ ಹೆಂಚಿನ ಮನೆಯನ್ನು ಕೆಡವಿ ದೊಡ್ಡದಾಗಿ ಕಟ್ಟಲು ಒಡೆಯರು ನಿಶ್ಚಯಿಸಿದ್ದರು. ಮಾಕಳಿಯಲ್ಲಿ ಹೆಂಡತಿ ಮುನಿಕೃಷ್ಣಮ್ಮನ ತಮ್ಮನ ಮನೆಯ ಮೇಲಂತಸ್ತು ಖಾಲಿಯಿತ್ತು. ಹೋಗುವುದೇನೋ ಖಚಿತವಾಯಿತು, ಆದರೆ ಯಾವಾಗ ಎಂಬಲ್ಲಿ ಗಂಟು ಬಿತ್ತು. ಒಬ್ಬಳೇ ಮಗಳು ರಮಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳು ತಿಂಗಳು ನಡೆಯುತ್ತಿತ್ತು. ಎಂಟಕ್ಕೆ ಬಿದ್ದರೆ ಬಸುರಿಯನ್ನು ಅಲುಗಾಡಿಸಬಾರದು, ಹೆರಿಗೆಯಾದ ಮೇಲೆ ಹಸಿ ಬಾಣಂತಿಯನ್ನು ಹೊರಡಿಸಬಾರದು, ಅಷ್ಟರಲ್ಲಿ ಆಷಾಢವೂ ಬಂದು ಕೂರುತ್ತದೆ. ಹಾಗಾಗಿ ಭರಣಿ ಮಳೆ ಕಳೆದು ಕೃತ್ತಿಕೆ ಹುಟ್ಟಿದ, ಮಧ್ಯಾಹ್ನವೆಲ್ಲ ಕಾದು ಸಂಜೆಯೆಲ್ಲ ಗುಡುಗುವ ಆ ದಿನಗಳೇ ಉಳಿದವು. ಮುನಿಕೃಷ್ಣಮ್ಮ ಶುಕ್ರವಾರವೇ ಮಾಕಳಿಗೆ ಹೋಗಿ ಹಾಲು ಉಕ್ಕಿಸಿ ಬಂದು, ಇನ್ನು ಗಂಟುಮೂಟೆ ಕಟ್ಟುವುದೊಂದೇ ಬಾಕಿ ಎಂದು ಸೆರಗು ಸಿಕ್ಕಿಸಿ ನಿಂತರು.

ಆದರೆ ಆ ಮನೆಯಲ್ಲಿ ಏನನ್ನೂ ಬಿಚ್ಚುವಂತಿರಲಿಲ್ಲ. ಬಸುರಿಯಿರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಕೀಳಲೂಬಾರದು ಎಂಬ ಹಿರಿಯರ ಮಾತನ್ನು ವೆಂಕಟಸ್ವಾಮಿಯವರು ಕೋಟಿನ ಜೇಬಿಗಿಂತ ಭದ್ರವಾಗಿ ಇಟ್ಟುಕೊಂಡಿದ್ದರು. ಸಾಮಾನ್ಯವಾಗಿ ಇಂಥವನ್ನೆಲ್ಲ ಹೆಂಗಸರು ಪಾಲಿಸುವುದು, ಗಂಡಸರು ಗೊಣಗುವುದು. ಇಲ್ಲಿ ಎಲ್ಲವೂ ತಲೆಕೆಳಗು. ಗೋಡೆಯ ಕ್ಯಾಲೆಂಡರು ತೆಗೆಯಬಹುದು, ಅದರ ಮೊಳೆ ಅಲ್ಲೇ ಇರಬೇಕು. ಕಪಾಟು ಇಡಿಯಾಗಿ ಹೋಗಬೇಕು. ರಮಾ ಹೊಸಿಲು ದಾಟಿ ಹೋದ ಮೇಲೂ, ಅವಳ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಸುತ್ತಿಗೆಯ ಸದ್ದು ಕೂಡದು.

ಸಾಮಾನು ನೋಡಲು ಮುಂಚಿತವಾಗಿ ಬಂದ ಗೂಡ್ಸ್ ಗಾಡಿಯ ಮನ್ಸೂರ್, ನಡುಮನೆಯ ತೇಗದ ಮಂಚವನ್ನು ಸುತ್ತು ಹಾಕಿ ನೋಡಿ ತಲೆ ಕೆರೆದುಕೊಂಡ. ರಮಾಳ ಮದುವೆಯ ಸಮಯದಲ್ಲಿ ಬಡಗಿ ಅದನ್ನು ಆ ಕೋಣೆಯೊಳಗೇ ಕೂತು ಜೋಡಿಸಿದ್ದ.

"ಇದು ಬಾಗ್ಲಲ್ಲಿ ಬರಲ್ಲ ಸಾಬ್. ಕಾಲು ಬಿಚ್ಬೇಕು."

"ಕಾಲು ಬಿಚ್ಚಂಗಿಲ್ಲ. ಮೊಳೆ ಐತೆ ಅದ್ರಾಗೆ."

"ಮೊಳೆ ಇರೋದಕ್ಕೇ ಬಿಚ್ಬೇಕು ಅಂತಿರೋದು!"

"ಸ್ವಲ್ಪ ಓರೆ ಮಾಡಿದ್ರೆ ಬರುತ್ತೆ ಕಣಪ್ಪ," ಎಂದು ವೆಂಕಟಸ್ವಾಮಿಯವರು ಮಂಚದ ಪಕ್ಕೆಯ ಮೇಲೆ ಕೈಯಿಟ್ಟರು. "ಹೋ... ಹೋ... ಏನಿಲ್ಲ."

ಮನ್ಸೂರ್ ಮಂಚವನ್ನೊಮ್ಮೆ, ಅದನ್ನು ರಮಿಸುತ್ತಿದ್ದವರನ್ನೊಮ್ಮೆ ನೋಡಿ, ಮುನಿಕೃಷ್ಣಮ್ಮನ ಕಡೆ ತಿರುಗಿದ. ಆಕೆ ಹಣೆ ಚಚ್ಚಿಕೊಂಡರು. "ನಂಗೇನ್ ಕೇಳ್ತೀಯಪ್ಪಾ? ನಂಗೂ ಇವ್ರಿಗೆ ಹೇಳಿ ಹೇಳಿ ಸಾಕಾಗೋಗೈತೆ."

ಆಮೇಲಿನ ದಿನಗಳಲ್ಲಿ ಅವರು ಪಟ್ಟ ಪಾಡನ್ನು ಎದುರು ಸಾಲಿನವರಾದ ನಾವೆಲ್ಲ ಕಂಡಿದ್ದೇವೆ. ಮಧ್ಯಾಹ್ನ ಊಟದ ಕೈ ತೊಳೆಯುತ್ತಿದ್ದಂತೆ ಬೀದಿಗೆ ಬಂದು, ಜಕ್ಕೂರಿನ ಕಡೆಯ ಆಕಾಶಕ್ಕೆ ಪಕ್ಕದಿಂದಲೇ, ಅದು ಒದ್ದೀತೆಂಬಂತೆ, ಓರೆನೋಟ ಬೀರುವರು. ಮೋಡ ಕಟ್ಟಿದರೆ ಇವತ್ತೇ ಹೀಗಾದರೆ ಆ ದಿನ ಹೇಗೋ ಎಂಬ ಚಿಂತೆ; ಕಟ್ಟದಿದ್ದರೆ ಎಲ್ಲವೂ ಆ ದಿನಕ್ಕೇ ಸೇರಿಕೊಳ್ಳುತ್ತಿದೆಯೆಂಬ ಚಿಂತೆ. ಯಶವಂತಪುರದ ಮಂಡಿಯವರೆಗೂ ಹೋಗಿ ಮೂಟೆಗಳಿಗೆ ಹೊದಿಸುವ ದಪ್ಪ ಟಾರ್ಪಾಲು ತಂದರು. ಗೊರಗುಂಟೆಪಾಳ್ಯದ ತಿರುವಿನಲ್ಲಿ ಗಾಳಿಗೆ ಅದು ಹಾರಿಹೋದಂತೆ ಕನಸು ಕಂಡು, ಮರುದಿನ ಹೋಗಿ ಹಗ್ಗ ತಂದರು. ನಾವು ನಕ್ಕೆವು. ನಗದೆ ಇರುವುದೂ ಕಷ್ಟವಿತ್ತು.

ನಮಗಾಗ ಗೊತ್ತಿರಲಿಲ್ಲ, ಅವರ ಭಯದ ಬೇರು ಆಕಾಶದಲ್ಲಿರದೆ ನಡುಮನೆಯ ತೊಲೆಯಲ್ಲಿತ್ತು. ತೊಲೆಯ ನಟ್ಟನಡುವೆ ಒಂದು ಕಬ್ಬಿಣದ ಕೊಕ್ಕೆ, ಅದಕ್ಕೆ ವರ್ಷವಿಡೀ ನೇತಾಡುವ ಒಣಗಿದ ಮಾವಿನ ತೋರಣ. ರಮಾ ಮೊದಲ ಸಲ ಬಸುರಿಯಾಗಿದ್ದಾಗ, ಆ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ, ವೆಂಕಟಸ್ವಾಮಿಯವರು ಸ್ಟೂಲು ಹತ್ತಿ, ಸದ್ದಾಗದಿರಲೆಂದು ಸುತ್ತಿಗೆಗೆ ಬಟ್ಟೆ ಸುತ್ತಿ, ತೊಟ್ಟಿಲಿಗೆಂದು ಆ ಕೊಕ್ಕೆ ಹೊಡೆದಿದ್ದರು. ಹುಟ್ಟುವ ಮುನ್ನ ತೊಟ್ಟಿಲ ಸಿದ್ಧತೆ ಕೂಡದೆಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಕೊಕ್ಕೆ ತೊಟ್ಟಿಲಲ್ಲವಲ್ಲ ಎಂದು ತಮಗೆ ತಾವೇ ಸಮಜಾಯಿಷಿ ಹೇಳಿಕೊಂಡರು. ಹೆಂಡತಿ ಕೇಳಿದ್ದಕ್ಕೆ ತೋರಣ ಕಟ್ಟೋಕೆ ಅಂದರು. ಆ ಮಗು ಉಳಿಯಲಿಲ್ಲ. ಡಾಕ್ಟರು ಬೇರೇನೋ ಕಾರಣ ಹೇಳಿದರು. ಇವರು ಕೇಳಿಸಿಕೊಂಡರು, ಒಪ್ಪಿದಂತೆ ತಲೆಯಾಡಿಸಿದರು, ಮನೆಗೆ ಬಂದು ತೊಲೆ ನೋಡಿದರು. ಅಂದಿನಿಂದ ಯಾರಿಗೂ ಹೇಳದ ಆ ತಪ್ಪನ್ನು ಒಣ ಎಲೆಗಳಲ್ಲಿ ಮುಚ್ಚಿಟ್ಟುಕೊಂಡು, ಅದರ ಕೆಳಗೇ ಉಂಡು ಮಲಗಿ ಬಾಳಿದ್ದರು.

ಹೊರಡುವ ದಿನ ಬೆಳಿಗ್ಗೆ ಆಕಾಶ ಒರೆಸಿಟ್ಟಷ್ಟು ಶುಭ್ರವಾಗಿತ್ತು, ಅದೇ ಅವರಿಗೆ ಅನುಮಾನ ತಂದಿತು. ಮುನಿಕೃಷ್ಣಮ್ಮ ದೇವರ ಪಟ, ಉಪ್ಪು, ಅರಿಸಿನ ಹಿಡಿದು ಅಳಿಯ ಜಗನ್‌ನ ಕಾರಿನಲ್ಲಿ ಮುಂದೆ ಹೋದರು. ಸಾಮಾನು ಇಳಿಯುವವರೆಗೆ ರಮಾ ಎದುರುಮನೆಯ ರತ್ನಕ್ಕನ ಬಳಿ ಇರುವುದು, ಜಗನ್ ಮರಳಿ ಬಂದು ಅವಳನ್ನು ಕರೆದೊಯ್ಯುವುದು ಎಂದು ಏರ್ಪಾಡಾಗಿತ್ತು. ಮನ್ಸೂರನೂ ಅವನ ಆಳುಗಳೂ ಒಂದೊಂದನ್ನೇ ಏರಿಸಿದರು. ಪ್ರತಿಯೊಂದು ಸಾಮಾನಿನ ಪಕ್ಕದಲ್ಲೂ ಖಾಕಿ ಕೋಟು ಓರೆಯಾಗಿ ಹೆಜ್ಜೆ ಹಾಕುತ್ತ "ಹೋ... ಹೋ..." ಎನ್ನುತ್ತಿತ್ತು. ಕೊನೆಗೆ ಮಂಚವೊಂದು ಉಳಿಯಿತು. ಅದನ್ನು ಓರೆ ಮಾಡಿದರು, ನಿಲ್ಲಿಸಿದರು, ಮತ್ತೆ ಓರೆ ಮಾಡಿದರು. ಅರ್ಧ ಹೊರಗೆ ಬಂದದ್ದು ಅಲ್ಲೇ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಹೊರಗೆ ಮನ್ಸೂರ್, ಒಳಗೆ ವೆಂಕಟಸ್ವಾಮಿಯವರು, ನಡುವೆ ಹಿಂದಕ್ಕೂ ಮುಂದಕ್ಕೂ ಅಲುಗದ ತೇಗದ ಮಂಚ.

ಬಿಸಿಲು ಆರಿದ್ದು ಆಗಲೇ. ನೋಡುತ್ತಿದ್ದಂತೆ ಕತ್ತಲು ಕವಿದು, ಧೂಳಿನ ಗಾಳಿ ಬೀದಿಯುದ್ದಕ್ಕೂ ನುಗ್ಗಿ, ಅದರ ಹಿಂದೆಯೇ ಆಲಿಕಲ್ಲು ಬಿತ್ತು. ಹೆಂಚು ಒಡೆದು ಚೂರು ನಡುಮನೆಗೆ ಉದುರಿತು. ಒಡೆಯುತ್ತಿರುವ ಹೆಂಚಿನ ಕೆಳಗೂ ಅಪ್ಪ ಮಂಚ ಬಿಟ್ಟು ಕದಲುತ್ತಿಲ್ಲವೆಂದು ಕಂಡ ರಮಾ, ರತ್ನಕ್ಕ ಕೈ ಹಿಡಿಯುವಷ್ಟರಲ್ಲಿ ಬೀದಿ ದಾಟಿ, ಹಿತ್ತಲ ಸಂದಿಯಿಂದ ಮನೆಯೊಳಗೆ ಬಂದುಬಿಟ್ಟಳು. ಅವಳ ಬೆನ್ನಿಗೇ ಹಿತ್ತಲಿನ ನುಗ್ಗೆಮರ ಮುರಿದು ಆ ಸಂದಿಗೆ ಅಡ್ಡಬಿತ್ತು.

"ನೀನ್ಯಾಕಮ್ಮ ಬಂದೆ? ಯಾಕ್ ಬಂದೆ?" ವೆಂಕಟಸ್ವಾಮಿಯವರ ದನಿ ಹರಿದುಹೋಯಿತು. ಅವರು ಕೋಟು ಬಿಚ್ಚಿದರು. ಆ ಕೋಟು ಬಿಚ್ಚಿದ್ದನ್ನು ಮಗಳೂ ಅಪರೂಪಕ್ಕೆ ಕಂಡದ್ದು. ಅದನ್ನು ಅವಳ ತಲೆಯ ಮೇಲೆ ಹೊದಿಸಿ ಗೋಡೆಗೆ ಒತ್ತಿ ನಿಲ್ಲಿಸಿದರು. ಇನ್ನೊಂದು ಹೆಂಚು ಜಾರಿ ಬಿದ್ದು ಚೂರಾಯಿತು.

"ಸಾಬ್, ಸುತ್ತಿಗೆ ಐತೆ ಕೈಯಾಗೆ," ಹೊರಗಿನಿಂದ ಮನ್ಸೂರ್ ಕೂಗಿದ. "ಹೂಂ ಅನ್ನಿ, ಎರಡೇಟು. ಪಾಪ, ಅಮ್ಮ ಒಳಗವ್ರೆ!"

ಅವಳು ಒಳಗಿದ್ದಾಳೆಂಬುದೇ ಅವರ ಸಂಕಟ. ಹೊಡೆಸಿದರೆ ಬಸುರಿಯ ಎದುರಿಗೇ ಮೊಳೆ ಕಿತ್ತಂತೆ. ಹೊಡೆಸದಿದ್ದರೆ ತಲೆಯ ಮೇಲೆ ಹೆಂಚು. ಜೇಬುಗಳ ತುಂಬ ಇದ್ದ ಪರಿಹಾರಗಳಲ್ಲಿ ಇದಕ್ಕೆಂದು ಒಂದೂ ಇರಲಿಲ್ಲ. ಅವರ ಕಣ್ಣು ತಾನಾಗಿ ತೊಲೆಯ ಕಡೆ ಹೋಯಿತು. ಗಾಳಿಗೆ ತೋರಣ ಹಾರಿಹೋಗಿ ಕೊಕ್ಕೆ ಬರಿದಾಗಿ ನಿಂತಿತ್ತು.

"ಒಂದ್ ವೇಳೆ..." ಎಂದರು.

ರಮಾ ಅವರ ನೋಟದ ಹಿಂದೆಯೇ ಮೇಲೆ ನೋಡಿದಳು. "ಅದು ನಂಗೊತ್ತು ಅಪ್ಪ."

"ಏನ್ ಗೊತ್ತು?"

"ನೀನು ಅದನ್ನ ಹೊಡೆದಿದ್ದು. ನಾನು ರೂಮಲ್ಲಿ ಮಲಗಿದ್ದೆ. ಬಟ್ಟೆ ಸುತ್ಕೊಂಡು ಕಳ್ಳನ ಹಾಗೆ ಹೊಡೀತಿದ್ದೆ, ಒಂದೊಂದು ಏಟೂ ಕೇಳಿಸ್ತಿತ್ತು." ಅವಳು ಕೋಟಿನ ಅಂಚು ಸರಿಸಿ ಅವರ ಮುಖ ನೋಡಿದಳು. "ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಆಮೇಲೆ ಅದೆಲ್ಲ ಆದಾಗ, ಆ ಸದ್ದು ನೆನೆಸ್ಕೊಂಡೇ ನಾನು ಎದ್ದು ಕೂತಿದ್ದು."

ಆಲಿಕಲ್ಲಿನ ಸದ್ದಿನಲ್ಲಿ ವೆಂಕಟಸ್ವಾಮಿಯವರು ಅತ್ತದ್ದು ಹೊರಗಿದ್ದ ಮನ್ಸೂರನಿಗೆ ಕೇಳಿಸಲಿಲ್ಲ. ರಮಾ ಮಾತ್ರ ಅವರ ಬೆನ್ನಿನ ಮೇಲೆ ಅಂಗೈಯಿಟ್ಟು, ಅವರದೇ ರಾಗದಲ್ಲಿ, "ಹೋ... ಹೋ... ಏನಿಲ್ಲ" ಎಂದಳು. ಆಮೇಲೆ ಬಾಗಿಲ ಕಡೆಗೆ ತಿರುಗಿ ಗಟ್ಟಿಯಾಗಿ ಕೂಗಿದಳು: "ಮನ್ಸೂರಣ್ಣ, ಹೊಡೀರಿ! ಮಂಚ ಆದ್ಮೇಲೆ ಆ ಕೊಕ್ಕೆನೂ ಕಿತ್ಕೊಡಿ. ಅಲ್ಲಿಗೆ ಬೇಕು."

ಮಂಚದ ಕಾಲು ಬಿಚ್ಚಿತು, ಬಾಗಿಲು ತೆರೆಯಿತು, ಮಗಳು ರತ್ನಕ್ಕನ ಪಡಸಾಲೆ ಸೇರಿದಳು. ಮಳೆ ಬಂದಷ್ಟೇ ಬೇಗ ನಿಂತು, ಬೀದಿಯಲ್ಲೆಲ್ಲ ಆವಿ ಎದ್ದಿತು. ಮನ್ಸೂರ್ ತೊಲೆಯಿಂದ ಕೊಕ್ಕೆ ಎಬ್ಬಿಸಿ ಅವರ ಅಂಗೈಗಿಟ್ಟ. ಅವರು ಅದರ ತುಕ್ಕನ್ನು ಬನೀನಿನ ತುದಿಯಿಂದ ಒರೆಸಿ, ಒದ್ದೆ ಕೋಟನ್ನು ಮತ್ತೆ ತೊಟ್ಟು, ಒಳಜೇಬಿಗೆ ಹಾಕಿಕೊಂಡರು. ಜಗನ್ ಬಂದು ರಮಾಳನ್ನು ಕಾರಿಗೆ ಹತ್ತಿಸಿಕೊಂಡ ಮೇಲೆ ತಾವು ಗಾಡಿಯ ಮುಂದಿನ ಸೀಟು ಹತ್ತಿದರು. ಗಾಡಿ ರಿಂಗ್ ರೋಡಿಗೆ ತಿರುಗುವಾಗ ಅವರ ಕೈ ಎದೆಯ ಮೇಲಿನ ಆ ಜೇಬನ್ನು ಮೆಲ್ಲಗೆ ತಟ್ಟುತ್ತಿತ್ತೆಂದೂ, ತುಮಕೂರು ರಸ್ತೆ ಸೇರುವವರೆಗೆ ಸಾಬ್ ಒಂದು ಸಲವೂ ಒಂದ್ ವೇಳೆ ಅನ್ನಲಿಲ್ಲವೆಂದೂ ಮನ್ಸೂರ್ ಆಮೇಲೆ ನಮ್ಮ ಬೀದಿಗೆ ವರದಿ ಒಪ್ಪಿಸಿದ.

ಕೊಕ್ಕೆ ಇನ್ನೂ ಮಾಕಳಿಯ ಮನೆಯ ಸೂರು ಸೇರಿಲ್ಲ. ಮಗುವಿನ ಅಳು ಕಿವಿಗೆ ಬಿದ್ದ ಮೇಲೆಯೇ ಸುತ್ತಿಗೆ ಎತ್ತುವುದೆಂದು, ಈ ಸಲ ಬಟ್ಟೆ ಸುತ್ತದೆ ಹೊಡೆಯುವುದೆಂದು ಅವರು ತೀರ್ಮಾನಿಸಿದ್ದಾರಂತೆ. ಸ್ವಭಾವ ಅಷ್ಟರಿಂದ ಬದಲಾಗುವಂಥದ್ದಲ್ಲ. ಮೊನ್ನೆ ಫೋನು ಮಾಡಿದಾಗಲೂ ಮಾಕಳಿಯ ಗುಡುಗು ಹೆಬ್ಬಾಳದ ಗುಡುಗಿಗಿಂತ ಹತ್ತಿರದ್ದೆಂದು ದೂರಿದರು. ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಕಂಡದ್ದಕ್ಕೆಲ್ಲ ಅಂಜುವ, ಕಂಡವರಿಗೆಲ್ಲ ಎಚ್ಚರ ಹೇಳುವ, ನಮ್ಮೆಲ್ಲರ ನಗೆಗೆ ಸುಲಭದ ತುತ್ತಾಗುವ ಜನ. ಅವರಲ್ಲಿ ಎಷ್ಟೋ ಮಂದಿ ಎಂದೋ ಒಮ್ಮೆ ಮೈಮರೆತು ಸಂತೋಷಪಟ್ಟು, ಅದಕ್ಕೇ ದಂಡ ತೆತ್ತೆವೆಂದು ನಂಬಿ, ಅಂದಿನಿಂದ ಸಂತೋಷದ ಹತ್ತಿರಕ್ಕೂ ಓರೆಯಾಗಿಯೇ ನಡೆದು ಬರುವವರು. ಧೈರ್ಯ ಹೇಳುವವರು ಅವರಿಗೆ ಬೇಕಾದಷ್ಟು ಸಿಗುತ್ತಾರೆ. ಯಾರಿಗೆ ಕೇಡು ಮಾಡಿದೆವೆಂದು ಒಳಗೊಳಗೇ ಬೇಯುತ್ತಿರುತ್ತಾರೋ ಅವರೇ ಬಂದು, ಆ ದಿನ ನಿನ್ನ ಸಂತೋಷ ನನಗೂ ಕೇಳಿಸಿತ್ತು ಎಂದು ಹೇಳುವವರೆಗೆ ಅವರ ಎದೆ ಹಗುರಾಗುವುದಿಲ್ಲ.