ಕಾಳಿನ ಕೋಣೆಯಲ್ಲಿ ಗ್ರಹಣ

ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕಿ ಮುಗಿಸಿದ ಕಲ್ಲಮ್ಮ ಕೋಣೆಯಿಂದ ಹೊರಗೆ ಬಂದು ಚಿಲಕ ಹಾಕಿದಳು. ಅಷ್ಟೂ ಸಾಲದೆಂದು ಬಾಗಿಲ ಬುಡಕ್ಕೆ ಒಂದು ಗೋಣಿಚೀಲ ಒತ್ತಿದಳು. ಒಳಗೆ ಸೊಸೆ ಕಸ್ತೂರಮ್ಮ ಜೋಳದ ಚೀಲಕ್ಕೆ ಒರಗಿ, ಐದು ತಿಂಗಳ ಬಸುರಿನ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಗ್ರಹಣ ಬಿಡುವವರೆಗೆ ಏಳಬಾರದು, ಮೈ ಕೆರೆದುಕೊಳ್ಳಬಾರದು, ಒಂದು ಕಡ್ಡಿಯನ್ನೂ ಮುರಿಯಬಾರದು ಎಂದು ಅತ್ತೆ ಬೆಳಗಿನಿಂದ ಹೇಳಿದ್ದನ್ನೇ ಹೇಳಿದ್ದಳು.

ಕಸ್ತೂರಮ್ಮನ ಗಂಡ ಮಹೇಶ್ವರಪ್ಪ ಊರಿನ ಮೇಷ್ಟ್ರು. ಆ ಹೊತ್ತಿಗೆ ಅವನು ತ್ಯಾವಣಿಗೆಯ ಅರ್ಧ ಊರನ್ನು ಶಾಲೆಯ ಮುಂದೆ ಸೂರ್ಯನಿಗೆ ಬೆನ್ನು ಹಾಕಿಸಿ ನಿಲ್ಲಿಸಿದ್ದ. ಒಂದು ರಟ್ಟಿಗೆ ದಬ್ಬಳದಿಂದ ತೂತು ಕೊರೆದು, ಅದನ್ನು ಎತ್ತರಕ್ಕೆ ಕಟ್ಟಿ, ಕೆಳಗೆ ತನ್ನ ಬಿಳೀ ಪಂಚೆ ಹಾಸಿದ್ದ. ಬರಿಗಣ್ಣಲ್ಲಿ ನೋಡಿದರೆ ಕಣ್ಣು ಹೋಗುತ್ತದೆ, ಮಸಿ ಹಿಡಿಸಿದ ಗಾಜನ್ನೂ ನಂಬಬೇಡಿ, ಬಟ್ಟೆಯ ಮೇಲೆ ಬೀಳುವ ಬೆಳಕನ್ನು ನೋಡಿ ಎಂದು ವಾರದಿಂದ ಸಂತೆಯಲ್ಲೂ ಕಟ್ಟೆಯ ಮೇಲೂ ಹೇಳುತ್ತ ಬಂದಿದ್ದ. ಗ್ರಹಣ ಎಂದರೆ ಬರೀ ನೆರಳು, ಬಸುರಿಯರಿಗೆ ಅದರಿಂದ ಏನೂ ಆಗದು ಎಂದೂ ಹೇಳಿದ್ದ. ಊರಿಗೆಲ್ಲ ಧೈರ್ಯ ಹಂಚುವ ಈ ಮನುಷ್ಯನಿಗೆ ಮನೆಯಲ್ಲಿ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. "ಅವ್ವ ಹೆದರ್ತಾಳೆ, ಇದೊಂದು ಸಲ ಒಳಗಿದ್ದುಬಿಡು" ಎಂದು ಹೆಂಡತಿಗೆ ಹೇಳಿ, ಮಗಳು ಕೆಂಪಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟುಹೋಗಿದ್ದ.

ಕೆಂಪಿಗೆ ಐದು ವರ್ಷ. ಹುಟ್ಟುವಾಗಲೇ ಅವಳ ಮೇಲ್ದುಟಿ ಸೀಳಿತ್ತು. ಯಾರಾದರೂ ಎದುರಾದರೆ ಸಾಕು, ಅವಳ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಅವಳು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಕಸ್ತೂರಮ್ಮ ಸೌತೆಕಾಯಿ ಹೆಚ್ಚಿದ್ದಳಂತೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಹೆಚ್ಚಿದ ನೆನಪು ಅವಳಿಗಿರಲಿಲ್ಲ. ಆದರೆ ಅಷ್ಟು ಜನ ಅಷ್ಟು ಸಲ ಹೇಳಿದ ಮೇಲೆ, ಹೆಚ್ಚಿರಲಿಲ್ಲ ಎಂಬ ನಂಬಿಕೆಯೂ ಗಟ್ಟಿಯಾಗಿ ಉಳಿದಿರಲಿಲ್ಲ. ಗಂಡ ಆ ಮಾತನ್ನು ಯಾವತ್ತೂ ಒಪ್ಪಿದವನಲ್ಲ. ಹಾಗಾದರೆ ಇವತ್ತು ಈ ಚಿಲಕ ಯಾಕೆ? ಅವನ ಮನಸ್ಸಿನ ಮೂಲೆಯಲ್ಲೂ ಆ ಸೌತೆಕಾಯಿ ಇತ್ತೇನೋ. ಕತ್ತಲಲ್ಲಿ ಇದನ್ನೇ ನೆನೆದು ಅವಳಿಗೆ ಅಳು ಬಂತು.

ಹೊರಗೆ ಆಷಾಢದ ಮೋಡ ಸರಿದಿರಬೇಕು. ಇದ್ದಕ್ಕಿದ್ದಂತೆ ನೆಲದ ಮೇಲೆ ಬೆಳ್ಳಿ ರೂಪಾಯಿಯಷ್ಟು ಬೆಳಕು ಬಿತ್ತು. ತಲೆಯೆತ್ತಿದರೆ ಎರಡು ಹೆಂಚುಗಳ ನಡುವೆ ಜೋಳದ ಕಾಳಿನಷ್ಟು ಸಂದಿ. ಬೇರೆ ದಿನ ಅದು ಇದ್ದದ್ದೂ ತಿಳಿಯುತ್ತಿರಲಿಲ್ಲ. ಅತ್ತೆ ಕೋಣೆಯನ್ನು ಇಷ್ಟು ಚೆನ್ನಾಗಿ ಕತ್ತಲು ಮಾಡಿದ್ದರಿಂದಲೇ ಕಂಡಿತು. ಬಗ್ಗಿ ನೋಡಿದಳು. ಬೆಳಕು ದುಂಡಗಿರಲಿಲ್ಲ, ಕಚ್ಚಿ ಬಿಟ್ಟ ರೊಟ್ಟಿಯ ಹಾಗೆ ಒಂದು ಕಡೆ ಖಾಲಿಯಿತ್ತು. ಗಂಡ ರಟ್ಟಿಗೆ ತೂತು ಕೊರೆಯುತ್ತ ವಿವರಿಸಿದ್ದು ಆಗ ಅರ್ಥವಾಯಿತು. ಯಾರ ಕಣ್ಣಿಗೆ ಬೀಳಬಾರದೆಂದು ಅವಳನ್ನು ಬಚ್ಚಿಟ್ಟಿದ್ದರೋ ಆ ಸೂರ್ಯ ಪಕ್ಕದಲ್ಲೇ ಬಂದು ಕೂತಿದ್ದ. ಅಳುವಿನ ನಡುವೆಯೂ ಅವಳಿಗೆ ನಗು ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಬೆಳಕು ಸವೆಯುತ್ತ ಸವೆಯುತ್ತ ಕುಡುಗೋಲಿನಂತಾಗಿ, ನೆಲದಿಂದ ಸೀರೆಯ ಅಂಚಿಗೆ, ಅಂಚಿನಿಂದ ಮಡಿಲಿಗೆ ತೆವಳಿತು. ಸರಿದು ಕೂರಲು ಜಾಗವಿತ್ತು. ಆದರೆ ಈಗ ಸರಿದರೆ ಅವತ್ತು ಸೌತೆಕಾಯಿ ಹೆಚ್ಚಿದ್ದೆನೆಂದು ತಾನೇ ಒಪ್ಪಿಕೊಂಡಂತೆ. ಅವಳು ಹಲ್ಲು ಕಚ್ಚಿ ಅಲ್ಲೇ ಕೂತಳು.

ಹೇಗಿದ್ದಾಳೋ ನೋಡೋಣವೆಂದು ಕಲ್ಲಮ್ಮ ಬಾಗಿಲನ್ನು ತುಸುವೇ ತೆರೆದು ಒಳಗೆ ನುಸುಳಿದ್ದು ಆಗಲೇ. ಸೊಸೆಯ ಹೊಟ್ಟೆಯ ಮೇಲಿನ ಬೆಳಕು ಕಂಡು ಅವಳು ಅಲ್ಲೇ ನಿಂತಳು.

"ಸರಿಯೇ ಆ ಕಡೆಗೆ."

"ನಾನು ಸರಿಯೋದಿಲ್ಲ ಅತ್ತೆ."

ಮದುವೆಯಾಗಿ ಬಂದಾಗಿನಿಂದ ಕಸ್ತೂರಮ್ಮ ಅತ್ತೆಗೆ ಹೀಗೆ ಎದುರಾಡಿದವಳಲ್ಲ. ಕಲ್ಲಮ್ಮ ಹೆಂಚಿನತ್ತ ನೋಡಿದಳು. ಕೈಗೆ ಎಟುಕುವ ಎತ್ತರವಲ್ಲ. ಬಯ್ಯಲೂ ತೋಚದೆ ಸೊಸೆಯ ಪಕ್ಕದಲ್ಲಿ ಕುಕ್ಕರಿಸಿ, ಬೆಳಕಿಗೆ ಅಡ್ಡವಾಗಿ ತನ್ನ ಅಂಗೈ ಹಿಡಿದಳು. ಕುಡುಗೋಲು ಅವಳ ಅಂಗೈಯ ಗೆರೆಗಳ ಮೇಲೆ ಬಿತ್ತು. ಕೈ ಸೋತಾಗ ಇನ್ನೊಂದು ಕೈ ಹಿಡಿದಳು.

"ಅವತ್ತು ನಾನು ಸೌತೆಕಾಯಿ ಹೆಚ್ಚಿರಲಿಲ್ಲ ಅತ್ತೆ," ಎಂದಳು ಕಸ್ತೂರಮ್ಮ.

"ಗೊತ್ತೈತೆ."

ಕಸ್ತೂರಮ್ಮ ತಿರುಗಿ ನೋಡಿದಳು. ಕಲ್ಲಮ್ಮ ಕೈಯಿಂದ ಕಣ್ಣು ತೆಗೆಯಲಿಲ್ಲ.

"ನನಗೊಬ್ಬ ತಮ್ಮ ಇದ್ದ. ಕೆಂಪಿ ತುಟಿ ಹೆಂಗೈತೋ ಅವಂದೂ ಹಂಗೇ ಇತ್ತು. ಹಾಲು ಕುಡಿಯಾಕೆ ಆಗದೆ, ವರ್ಷ ತುಂಬೋದ್ರೊಳಗೆ ಹೋದ. ಈ ಮನೆಯಾಗೆ ಯಾರಿಗೂ ನಾನು ಹೇಳಿಲ್ಲ. ಕೆಂಪಿ ಹುಟ್ಟಿದಾಗ, ಇದು ನನ್ನ ತವರಿಂದ ಬಂದದ್ದು ಅಂತಾರಲ್ಲ ಅಂತ ಹೆದರಿಕೆ ಆತು. ಸೌತೆಕಾಯಿ ಮಾತು ಎತ್ತಿದಾಕೆ ನಾನೇ."

ಕಸ್ತೂರಮ್ಮನಿಗೆ ಐದು ವರ್ಷದ ಸಿಟ್ಟು ಒಟ್ಟಿಗೆ ಬಂತು. ಆ ಕೈಯನ್ನು ತಳ್ಳಿಬಿಡಬೇಕೆನಿಸಿತು. ಆದರೆ ಅದು ಇನ್ನೂ ಬೆಳಕಿಗೆ ಅಡ್ಡವಾಗಿಯೇ ಇತ್ತು.

"ಎಲ್ಲಾ ಗೊತ್ತಿದ್ದು ಈಗ ಯಾಕೆ ಕೈ ಅಡ್ಡ ಹಿಡಿದೀರಿ?"

"ತೆಗೆಯಾಕೆ ಧೈರ್ಯ ಸಾಲದು ಕಣೇ," ಎಂದಳು ಮುದುಕಿ.

ಕಸ್ತೂರಮ್ಮ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಬೆಳಕು ಹೊಟ್ಟೆಯ ಮೇಲೆ ಬಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕುಡುಗೋಲು ದಪ್ಪಗಾಗತೊಡಗಿತು. ಈ ಮಾತನ್ನು ತನ್ನ ಗಂಡನ ಮುಂದೆಯೂ ಹೇಳಬೇಕೆಂದು ಕಸ್ತೂರಮ್ಮ ಹೇಳಿದಳು. ಕಲ್ಲಮ್ಮ ತಲೆಯಾಡಿಸಿದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕೆಂಪಿ ಒಳಗೆ ಬಂದಳು. ಬಾಯಿಯ ಮೇಲೆ ಕೈ ಬಿಗಿಯಾಗಿ ಒತ್ತಿಕೊಂಡಿದ್ದಳು. ಹಿಂದೆಯೇ ಏದುಸಿರು ಬಿಡುತ್ತ ಮಹೇಶ್ವರಪ್ಪ. ಪಂಚೆಯ ಮೇಲಿನ ಸೂರ್ಯನನ್ನು ನೋಡಲು ಬಂದವರು ಕೆಂಪಿಯ ಮುಖ ನೋಡಿ, ಗ್ರಹಣ ಏನು ಮಾಡುತ್ತದೆ ಎನ್ನುವುದಕ್ಕೆ ಮೇಷ್ಟ್ರ ಮನೆಯಲ್ಲೇ ಸಾಕ್ಷಿಯಿದೆಯಲ್ಲ ಎಂದಿದ್ದರಂತೆ. ಮಗು ಹೆಗಲಿಂದ ಜಾರಿ ಮನೆಗೆ ಓಡಿತ್ತು. ಅದನ್ನು ಹೇಳಿ ಮುಗಿಸಿದವನು ಹೆಂಡತಿಯ ಮುಖ ನೋಡಲಾರದೆ ಹೊಸ್ತಿಲಲ್ಲೇ ನಿಂತ.

"ಒಳಗೆ ಬಂದು ಬಾಗಿಲು ಹಾಕು," ಎಂದಳು ಕಲ್ಲಮ್ಮ. "ನಿನಗೊಂದು ಮಾತು ಹೇಳಬೇಕು."

ಬಾಗಿಲು ಮುಚ್ಚಿತು. ಕತ್ತಲಾದ ಮೇಲೆ ಕೆಂಪಿಗೆ ಅವ್ವನ ಮಡಿಲಿನ ಬೆಳಕು ಕಂಡಿತು. ಹತ್ತಿರ ಬಂದು ಒಂದು ಕೈ ಚಾಚಿದಳು. ಬೆಳಕು ಅಂಗೈಯ ಅಂಚಿನಿಂದ ಜಾರಿ ಸೀರೆಯ ಮೇಲೆ ಬಿತ್ತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಅಜ್ಜಿ ಪಕ್ಕದಲ್ಲಿ ಮೆಲುದನಿಯಲ್ಲಿ ಅಪ್ಪನಿಗೆ ತನ್ನ ತಮ್ಮನ ಹೆಸರು ಹೇಳುತ್ತಿದ್ದಳು. ಕೆಂಪಿ ಬಾಯಿಯ ಮೇಲಿನ ಕೈಯನ್ನೂ ತೆಗೆದು, ಎರಡನ್ನೂ ಸೇರಿಸಿ ಬೊಗಸೆ ಮಾಡಿದಳು.