ಹಾಸಿಗೆಯ ಪರೀಕ್ಷೆ

ಹೊಸ ಹಾಸಿಗೆ ಹೊಲಿದು ಮುಗಿಸಿದರೆ ಹಾಸಿಗೆಯವ ಅದನ್ನು ಹಾಗೇ ಗಿರಾಕಿಗೆ ಕೊಟ್ಟವನೇ ಅಲ್ಲ. ಹೊಟ್ಟೆ ಬಿರಿಯ ಉಂಡು, ಅದರ ಮೇಲೆ ಅಂಗಾತ ಮಲಗಿ ಒಂದು ನಿದ್ದೆ ತೆಗೆಯಲೇಬೇಕು. ದಿಂಬು ಕೂಡದು. "ದಿಂಬು ಕೇಳೋ ಹಾಸಿಗೆ ಒಂದು ಹಾಸಿಗೇನೇ?" ಎನ್ನುತ್ತಿದ್ದ. ಅವನಪ್ಪನೂ ಹೀಗೇ ಪರೀಕ್ಷೆ ಮಾಡುತ್ತಿದ್ದನಂತೆ. ಹುಚ್ಚು, ಮನೆತನದ ಹುಚ್ಚು!

ಹೆಂಡತಿಗೆ ಆ ನಿದ್ದೆಯೆಂದರೆ ಭಯ. ಪಕ್ಕದ ಕೋಣೆಯಲ್ಲಿ ಹತ್ತಿ ಹಿಂಜುತ್ತ ಕೂತವಳಿಗೆ ಅಲ್ಲಿಂದ ಗುಳುಗುಳು ಶಬ್ದ ಕೇಳುತ್ತಿತ್ತು. ಹೋಗಿ ನೋಡಿದರೆ ಗಂಡನ ಬಾಯಿ ಮುಚ್ಚಿದೆ, ಮೈ ಅಲುಗದು. ಗಂಟಲೊಳಗೆ ಮಾತ್ರ ಏನೋ ಮೆಲ್ಲಗೆ ಹತ್ತಿ ಬರುತ್ತದೆ, ತುಸು ನಿಲ್ಲುತ್ತದೆ, ಮತ್ತೆ ಬೇರೆ ದಾರಿ ಹಿಡಿದು ಇಳಿಯುತ್ತದೆ. ಕೋಣೆಯ ತುಂಬ ಹುಳಿ ವಾಸನೆ. ಎದ್ದವನು ಏನೂ ಆಗದವನಂತೆ "ಪಾಸು!" ಎಂದು ಹಾಸಿಗೆ ತಟ್ಟುತ್ತಿದ್ದ. ಆಮೇಲೆ ಜ್ವರ, ಕಫ. ಹೀಗೆ ಮೇಲಿಂದ ಮೇಲೆ.

ಹತ್ತಿಯ ಧೂಳೇ ಕಾರಣವೆಂದು ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡದ್ದೇ ಬಂತು. ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಎದೆಯ ಎಕ್ಸ್‌ರೇ ನೋಡಿ ತಲೆಯಾಡಿಸಿದರು.

"ಧೂಳಲ್ಲಮ್ಮ. ಉಂಡು ಅಂಗಾತ ಮಲಗಿದ್ರೆ ಹೊಟ್ಟೆಯ ಹುಳಿ ಮೇಲೆ ಬರುತ್ತೆ, ನಿದ್ದೇಲಿ ಶ್ವಾಸಕೋಶಕ್ಕೆ ಇಳಿಯುತ್ತೆ. ಅಲ್ಲೇ ಸೋಂಕು ಆಗೋದು. ಇನ್ನೊಂದು ಸಲ ಆದ್ರೆ ಇವರ ಎದೆ ತಡೆಯಲ್ಲ."

ಮನೆಗೆ ಬಂದವಳೇ ಮಂಚದ ತಲೆಗಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟಳು. ಅವನೋ ಮುಖ ಊದಿಸಿಕೊಂಡ.

"ಜಾರುಬಂಡೆ ಮೇಲೆ ಮಲಗಿಸ್ತೀಯಲ್ಲೇ! ಗಿರಾಕಿಗಳು ನಗಲ್ವಾ?"

"ನಗಲಿ ಬಿಡ್ರೀ. ನೀವಿದ್ರೆ ಸಾಕು ನಂಗೆ."

ಒಂದು ಮಧ್ಯಾಹ್ನ ಅವಳು ದಾರ ತರಲು ಹೋಗಿ ಬರುವಷ್ಟರಲ್ಲಿ ಊಟದ ತಟ್ಟೆ ಖಾಲಿ, ಹೊಸ ಹಾಸಿಗೆ ನೆಲದ ಮೇಲೆ, ಅದರ ಮೇಲೆ ಗಂಡ ಅಂಗಾತ. ಅವಳು ಪಕ್ಕದಲ್ಲೇ ಕುಕ್ಕರಿಸಿದಳು. ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಗುಳುಗುಳು ಇಲ್ಲ. ಸದ್ಯ, ಬದುಕಿದೆ ಎಂದುಕೊಂಡಳು.

"ಹೇಳಿದ್ದು ಕಿವಿಗೇ ಹೋಗಲ್ವೇನ್ರೀ? ಏಳಿ ಮೇಲೆ!" ಎಂದು ಬೈಯುತ್ತಲೇ ಕತ್ತಿನಡಿ ಕೈ ಕೊಟ್ಟು ಎತ್ತಿದಳು. ತಲೆ ಭಾರವಾಗಿ ಅವಳ ತೋಳಿಗೆ ಒರಗಿತು. ತುಟಿಯಂಚಿನಿಂದ ಹುಳಿನೀರು ಇಳಿದು ಅವಳ ಕೈಮೇಲೆ ಹರಿಯಿತು, ತಣ್ಣಗಿತ್ತು. ಅವಳು ಬೈಯುವುದನ್ನು ನಿಲ್ಲಿಸಲಿಲ್ಲ. ಕೈಗೆ ಸಿಕ್ಕ ಹತ್ತಿಯ ಗಂಟುಗಳನ್ನೆಲ್ಲ ಎಳೆದು ಅವನ ಬೆನ್ನಿಗೆ ಒತ್ತುಕೊಟ್ಟು, ನೆಟ್ಟಗೆ ಕೂರಿಸಿದಳು.

"ಆಯ್ತು ಬಿಡಿ, ಬೈಯಲ್ಲ. ಹಾಸಿಗೆ ಹೇಗಿದೆ, ಅಷ್ಟಾದ್ರೂ ಹೇಳಿ" ಎಂದಳು. ಒಂದು ಕೆಮ್ಮಾದರೂ ಬರಲೆಂದು ಅವನ ಬಾಯಿಗೆ ಕಿವಿ ಹಚ್ಚಿ ಕೂತೇ ಇದ್ದಳು.